ಕಂಪನಿಯವರು ನಮ್ಮ ಓಣಿಗೆ ಕಾರ್ಡ್ ನೀರಿನ ಯಂತ್ರ ಪುಕ್ಕಟೆ ಕೊಡ್ತಾರಂತೆ, ತಗೋಬೇಕಾ?

ಇದು ಬಡವರ ಮೇಲಿನ ಕಾಳಜಿಯೋ, ಅವರ ಪ್ರಚಾರವೋ ಅಂತ ಕೇಳಿದ್ದೀರಿ. ಆ ಪ್ರಶ್ನೆ ಬಿಡಿ. ಯಂತ್ರದೊಳಗಿನ ಸಿಮ್ ಯಾರ ಹೆಸರಲ್ಲಿರುತ್ತೆ, ಅದನ್ನು ಕೇಳಿ. ನಾನು ಕೇಳಲಿಲ್ಲ.

ವಿಜಯಪುರದಲ್ಲಿ ನಮ್ಮ ಓಣಿಯ ಮಹಿಳಾ ಸಂಘದ ಲೆಕ್ಕ ಬರೆಯುವವಳು ನಾನೇ. ನಮ್ಮಲ್ಲಿ ನಲ್ಲಿ ನೀರಿಗೆ ದಿನ ಎಣಿಸಬೇಕು. ಬೋರ್ ನೀರು ಸವಳು, ಅದರಲ್ಲಿ ಬೇಳೆ ಬೇಯೋದಿಲ್ಲ. ಹಾಗಾಗಿ ಒಂದು ಕಂಪನಿಯವರು ಸಿಎಸ್‌ಆರ್ ಹಣದಲ್ಲಿ, ಅಂದರೆ ಲಾಭದಲ್ಲಿ ಸಮಾಜದ ಕೆಲಸಕ್ಕೆ ಅಂತ ತೆಗೆದಿಡೋ ಹಣದಲ್ಲಿ, ನೀರಿನ ಉಪ್ಪು ತೆಗೆಯೋ ಆರ್‌ಓ ಯಂತ್ರ ಹಾಕ್ತೀವಿ ಅಂದಾಗ ಯಾರೂ ಎರಡು ಮಾತಾಡಲಿಲ್ಲ. ಎರಡೇ ತಿಂಗಳಲ್ಲಿ ನೀಲಿ ಶೆಡ್ ಎದ್ದಿತು. ಕಾರ್ಡ್ ತೋರಿಸಿದರೆ 20 ಲೀಟರ್ ಕ್ಯಾನ್ ತುಂಬಿ ತಾನೇ ನಿಲ್ಲೋದು. ಐದು ರೂಪಾಯಿ. ಜನ ನನ್ನ ಹತ್ತಿರ ಐವತ್ತೋ ನೂರೋ ಕೊಡೋರು, ನಾನು ನನ್ನ ಫೋನಿನಿಂದ ಅವರ ಕಾರ್ಡಿಗೆ ಹಾಕ್ತಿದ್ದೆ. ಆ ದುಡ್ಡು ಕಂಪನಿ ಗೊತ್ತುಮಾಡಿದ್ದ ಸಂಸ್ಥೆಯ ಖಾತೆಗೆ ಹೋಗ್ತಿತ್ತು, ಕರೆಂಟ್ ಬಿಲ್ಲು, ರಿಪೇರಿ ಅವರೇ ನೋಡ್ಕೋತಿದ್ದರು.

ಮೊದಲ ವರ್ಷ ಚೆನ್ನಾಗೇ ನಡೀತು, ಸುಳ್ಳು ಹೇಳಲ್ಲ. ಪಕ್ಕದ ಮನೆ ಆಯಿ ಕಾರ್ಡನ್ನು ಎಲೆ ಅಡಿಕೆ ಚಂಚಿಯಲ್ಲೇ ಇಟ್ಕೊಂಡಿರುತ್ತಿದ್ದಳು. ಸುಣ್ಣ ಹತ್ತಿ ಕಂಪನಿಯ ಹೆಸರೇ ಅಳಿಸಿಹೋಗಿತ್ತು. ಯಂತ್ರ ಮಾತ್ರ ಅದನ್ನು ತಪ್ಪದೆ ಓದುತ್ತಿತ್ತು.

ಈಗ ನನ್ನ ತಪ್ಪಿಗೆ ಬರ್ತೀನಿ. ವರ್ಷ ತುಂಬಿದ ಮೇಲೆ ಹಸ್ತಾಂತರದ ಕಾರ್ಯಕ್ರಮ ಇಟ್ಟರು. ಪೆಂಡಾಲು, ಶಾಲು, ಫೋಟೋ. ವೇದಿಕೆ ಮೇಲೆ ನನ್ನ ಕೈಗೆ ನಾಲ್ಕು ಹಾಳೆಯ ಇಂಗ್ಲಿಷ್ ಪತ್ರ ಕೊಟ್ಟು ಪೆನ್ನೂ ಕೊಟ್ಟರು. ನನಗೆ ಇಂಗ್ಲಿಷ್ ಓದೋಕೆ ಬರುತ್ತೆ. ಬಾರದೇ ಇದ್ದಿದ್ದರೆ ಇಷ್ಟು ಸಿಟ್ಟು ಬರ್ತಿರಲಿಲ್ಲ. ಮೊದಲ ಹಾಳೆ ಓದಿದೆ, ಯಂತ್ರ ಮತ್ತು ಶೆಡ್ ಸಂಘಕ್ಕೆ ಸೇರಿದ್ದು ಅಂತಿತ್ತು. ಎದುರಿಗೆ ನೂರೈವತ್ತು ಜನ ಕೂತಿದ್ದಾರೆ, ಫೋಟೋದವನು ‘ಮೇಡಂ, ಈ ಕಡೆ’ ಅಂತಿದ್ದಾನೆ. ಸಹಿ ಮಾಡಿಬಿಟ್ಟೆ. ಮೀಟರ್, ಫಿಲ್ಟರ್, ಉಪ್ಪು ಸೋಸುವ ಮೆಂಬ್ರೇನ್, ‘ಮುಂದಿನ ಎಲ್ಲ ಖರ್ಚು’ ಸಂಘದ್ದು ಅಂತ ಮೂರನೇ ಹಾಳೆಯಲ್ಲಿತ್ತು. ಸಿಮ್ ಬಗ್ಗೆ ನಾಲ್ಕೂ ಹಾಳೆಯಲ್ಲಿ ಒಂದಕ್ಷರ ಇರಲಿಲ್ಲ. ಹಿಂದಿನ ದಿನ ಪತ್ರ ಮನೆಗೆ ಕಳಿಸಿ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಶಾಲು ಹೊದ್ದುಕೊಂಡು ಸಹಿ ಮಾಡಬಾರದು ಕಣ್ರೀ, ಯಾವುದಕ್ಕೂ.

ಐದು ತಿಂಗಳಾಗಿತ್ತು. ಒಂದು ಮುಂಜಾನೆ ಯಂತ್ರ ಕೆಂಪು ದೀಪ ಹಚ್ಚಿಕೊಂಡು ನಿಂತಿತು. ಯಾರ ಕಾರ್ಡೂ ನಡೆಯಲಿಲ್ಲ. ವಿಚಾರಿಸಿದರೆ, ಕಾರ್ಡಿನಲ್ಲಿ ಎಷ್ಟು ದುಡ್ಡಿದೆ ಅಂತ ಯಂತ್ರ ಸಿಮ್ ಮೂಲಕ ಸರ್ವರಿಗೆ ಕೇಳಬೇಕಂತೆ. ಆ ಸಿಮ್ ಇದ್ದದ್ದು ಸಂಸ್ಥೆಯ ಒಬ್ಬ ಹುಡುಗನ ಹೆಸರಲ್ಲಿ. ಅವನು ಕೆಲಸ ಬಿಟ್ಟಿದ್ದ, ರೀಚಾರ್ಜ್ ನಿಂತಿತ್ತು, ನಂಬರೇ ಹೋಗಿತ್ತು. ಹೊಸ ಸಿಮ್ ಹಾಕಿದೆವು, ಸರ್ವರ್ ಒಪ್ಪಲಿಲ್ಲ. ನಂಬರ್ ಬದಲಿಸುವ ಪಾಸ್‌ವರ್ಡ್ ಕೂಡ ಆ ಹುಡುಗನ ಹತ್ತಿರವೇ ಇತ್ತು. ಕಂಪನಿಗೆ ಫೋನ್ ಮಾಡಿದರೆ, ‘ನಿಮಗೆ ಒಪ್ಪಿಸಿ ಆಗಿದೆಯಲ್ಲ ಮೇಡಂ’ ಅಂದರು.

ಕಾರ್ಡುಗಳಲ್ಲಿ ಸಿಕ್ಕಿಕೊಂಡದ್ದು ಸುಮಾರು ಒಂಬತ್ತು ಸಾವಿರ. ಆಯಿ ಚಂಚಿ ಬಿಚ್ಚಿ ಕಾರ್ಡ್ ನನ್ನ ಮುಂದಿಟ್ಟಳು. ‘ರೊಕ್ಕಾ ನಿನ್ನ ಕೈಯಾಗ ಕೊಟ್ಟೀನವ್ವಾ. ಮಿಷನ್ ಕೈಯಾಗ ಕೊಟ್ಟಿಲ್ಲ.’ ಅದಕ್ಕೆ ಏನು ಉತ್ತರ ಕೊಡೋದು? ಹೊಲಿಗೆ ದುಡ್ಡಿನಲ್ಲಿ ಎಂಟು ತಿಂಗಳು ತೀರಿಸಿದೆ. ಇದೇ ಊರಿನ ತಾಜ್ ಬಾವಡಿ ಅನ್ನೋ ದೊಡ್ಡ ಬಾವಿ 1620ರದ್ದು. ಅದಕ್ಕೆ ರೀಚಾರ್ಜ್ ಬೇಕಾಗಿರಲಿಲ್ಲ.

ಇನ್ನು ‘ಪುಕ್ಕಟೆ’ ಅಂತ ಬರೆದಿದ್ದೀರಲ್ಲ, ಅದನ್ನು ತಲೆಯಿಂದ ತೆಗೀರಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟು ಇಂಥ ಕೆಲಸಕ್ಕೆ ಹಾಕಲೇಬೇಕು. 2021ರಲ್ಲಿ ಬದಲಾದ ನಿಯಮದಂತೆ ಆ ಹಣದಲ್ಲಿ ಮಾಡಿದ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ನೋಂದಾಯಿತ ಸಂಸ್ಥೆ, ಫಲಾನುಭವಿಗಳ ಸ್ವಸಹಾಯ ಸಂಘ ಅಥವಾ ಸರ್ಕಾರಿ ಪ್ರಾಧಿಕಾರ, ಇಂಥವರ ಹೆಸರಿಗೇ ಹೋಗಬೇಕು. ಅಂದರೆ ನಿಮ್ಮ ಸಹಿ ಅವರಿಗೂ ಬೇಕು. ಹೆದರದೆ ಚೌಕಾಸಿ ಮಾಡಿ. ಶುರುವಾದ ಹಣಕಾಸು ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಒಂದು ಯೋಜನೆ ನಡೆಸೋಕೆ ಆ ನಿಯಮದಲ್ಲೇ ಅವಕಾಶವಿದೆ. ಮೂರು ವರ್ಷದ ರಿಪೇರಿ ಖರ್ಚನ್ನೂ ಯೋಜನೆಯಲ್ಲೇ ಸೇರಿಸಿ ಅಂತ ಹಠ ಹಿಡೀರಿ.

ಕಾರ್ಡ್ ಮಾತ್ರ ಬೇಡವೇ ಬೇಡ. ದಿನಕ್ಕೆ ಎಷ್ಟು ಲೀಟರ್ ಹೋಯಿತು ಅಂತ ಅವರ ಆಫೀಸಿನಲ್ಲೇ ಕೂತು ನೋಡಬಹುದು, ಅದಕ್ಕೆ ಅವರಿಗೆ ಕಾರ್ಡ್ ಇಷ್ಟ. ನಮಗೆ ಅದರಿಂದ ಏನೂ ಸಿಗಲಿಲ್ಲ. ಶೆಡ್ಡಿಗೆ ಜಾಗ ನೋಡುವಾಗ ಚರಂಡಿಯನ್ನೂ ನೋಡಿ. ಆರ್‌ಓ ಬಿಡುವ ಉಪ್ಪು ನೀರು ಜಾಸ್ತಿ ಇರುತ್ತೆ, ನಮ್ಮಲ್ಲಿ ಅದು ಆಯಿಯ ಮನೆ ಕಟ್ಟೆಗೇ ಬಂದು ನಿಲ್ಲುತ್ತಿತ್ತು.

ನಾವು ಮೂರು ತಿಂಗಳಾದ ಮೇಲೆ ಊರಿನ ಮೆಕ್ಯಾನಿಕ್ ಒಬ್ಬನಿಂದ ಕಾರ್ಡಿನ ಪೆಟ್ಟಿಗೆ ಕಿತ್ತಿಸಿ ನಾಣ್ಯದ ಪೆಟ್ಟಿಗೆ ಕೂರಿಸಿದೆವು. ಈಗಲೂ ನಡೀತಿದೆ. ಕೀಲಿ ಎರಡಿವೆ, ಒಂದು ನನ್ನ ಹತ್ತಿರ, ಇನ್ನೊಂದು ಆಯಿಯ ಚಂಚಿಯಲ್ಲಿ. ನಿಮಗೆ ಪತ್ರ ಕೊಟ್ಟಿದ್ದರೆ ಮೂರನೇ ಹಾಳೆಯಲ್ಲಿ ಏನಿದೆ, ಇಲ್ಲಿ ಬರೀರಿ.