ರಾಜ್ಯಸಭೆ ತಿರಸ್ಕರಿಸಿದ ಮಸೂದೆಯ ಗತಿ

ಲೋಕಸಭೆ ಒಪ್ಪಿದ ಮಸೂದೆಯನ್ನು ರಾಜ್ಯಸಭೆ ತಳ್ಳಿಹಾಕಿದರೆ ಅದು ಅಲ್ಲಿಗೇ ಮುಗಿಯಿತೇ ಎಂದು ಕೇಳಿದ್ದೀರಿ. ಮುಗಿಯಲೇಬೇಕೆಂದಿಲ್ಲ. ಸಂವಿಧಾನದ 108ನೇ ವಿಧಿಯಂತೆ ರಾಷ್ಟ್ರಪತಿಗಳು ಎರಡೂ ಸದನಗಳ ಜಂಟಿ ಅಧಿವೇಶನ ಕರೆಯಬಹುದು. ರಾಜ್ಯಸಭೆ ಆರು ತಿಂಗಳಿಗೂ ಹೆಚ್ಚು ಕಾಲ ಮಸೂದೆಯನ್ನು ಸುಮ್ಮನೆ ಇಟ್ಟುಕೊಂಡು ಕುಳಿತರೂ ಇದೇ ದಾರಿ. ಜಂಟಿ ಅಧಿವೇಶನದಲ್ಲಿ ಹಾಜರಿದ್ದು ಮತ ಹಾಕಿದವರ ಸರಳ ಬಹುಮತ ಸಾಕು. ಲೋಕಸಭೆಯ ಸದಸ್ಯಬಲ ರಾಜ್ಯಸಭೆಯದಕ್ಕಿಂತ ದುಪ್ಪಟ್ಟಿಗೂ ಹೆಚ್ಚು. ತಕ್ಕಡಿ ಯಾವ ಕಡೆ ವಾಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ! ಆದರೂ ಇದು ಅಪರೂಪದ ಅಸ್ತ್ರ. 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, 2002ರಲ್ಲಿ ಭಯೋತ್ಪಾದನೆ ತಡೆ ಮಸೂದೆಗಳಿಗೆ ಬಳಕೆಯಾಗಿದೆ. ಸಂವಿಧಾನ ತಿದ್ದುಪಡಿಗೆ ಮಾತ್ರ ಈ ದಾರಿಯಿಲ್ಲ. ಅಲ್ಲಿ ರಾಜ್ಯಸಭೆ ಬೇಡವೆಂದರೆ ಬೇಡವೇ. ತೆರಿಗೆ, ಸರ್ಕಾರಿ ಖರ್ಚಿನಂಥ ಹಣದ ವಿಷಯಗಳಷ್ಟೇ ಇರುವ ಧನ ಮಸೂದೆಗೆ ಇದರ ಅಗತ್ಯವೇ ಬೀಳದು: 14 ದಿನಗಳೊಳಗೆ ರಾಜ್ಯಸಭೆ ಹಿಂದಿರುಗಿಸದಿದ್ದರೆ ಅಂಗೀಕಾರವಾದಂತೆಯೇ.