ಫ್ರೆಂಚ್ ವೈನ್‌ಗೆ ಅಂಕ ಹೆಚ್ಚಿದ್ದರೆ ಬೆಲೆಯೂ ಹೆಚ್ಚೇ?

ಫ್ರಾನ್ಸಿನ ಹೆಸರಾಂತ ವೈನ್ ಸೀಮೆ ಬೋರ್ಡೋ ಮಟ್ಟಿಗೆ ಬಹುಪಾಲು ಹೌದು. ಆದರೆ ಅಲ್ಲಿ ಮೊದಲು ಬಂದದ್ದು ಬೆಲೆ, ದರ್ಜೆ ಆಮೇಲೆ. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆಂದು ದಲ್ಲಾಳಿಗಳು ಅಲ್ಲಿನ ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದ್ದು ಮುಖ್ಯವಾಗಿ ಮಾರುಕಟ್ಟೆ ದರ ನೋಡಿಯೇ. ಆ ಪಟ್ಟಿ ಇಂದಿಗೂ ಹೆಚ್ಚುಕಮ್ಮಿ ಹಾಗೇ ಇದೆ; 1973ರಲ್ಲಿ ಮೂಟೋನ್ ರಾತ್‌ಶೀಲ್ಡ್ ಎಂಬ ಅಲ್ಲಿನ ವೈನ್ ತೋಟ ಮೊದಲ ದರ್ಜೆಗೇರಿದ್ದೇ ದೊಡ್ಡ ಸುದ್ದಿ.

ಅಂಕಗಳ ಹುಚ್ಚು ಹಿಡಿಸಿದವರು ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್. ಅವರ 100 ಅಂಕಗಳ ಲೆಕ್ಕ ಶುರುವಾಗುವುದೇ 50ರಿಂದ, ಹಾಗಾಗಿ 85 ಅಂದರೆ ಕೇಳಲು ಚೆಂದ ಅಷ್ಟೇ. ಕೊಯ್ಲಿನ ಮರುವರ್ಷದ ವಸಂತದಲ್ಲಿ, ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ ವಿಮರ್ಶಕರು ರುಚಿ ನೋಡುತ್ತಾರೆ. ಮಾಲೀಕರು ದರ ಕಟ್ಟುವುದೂ ಆಗಲೇ. ದುಡ್ಡು ಈಗ, ಬಾಟಲಿ ಸುಮಾರು ಎರಡು ವರ್ಷದ ಮೇಲೆ!

ಕೂಡಿಡಲು ಅಲ್ಲ, ಕುಡಿಯಲು ಎಂದಾದರೆ ಅದೇ ಶಾಟೋಗಳ (ವೈನ್ ತೋಟಗಳ) ಎರಡನೇ ಲೇಬಲ್, ಅಂದರೆ ಮುಖ್ಯ ವೈನ್‌ಗಿಂತ ಅಗ್ಗದ ಎರಡನೇ ವೈನ್ ಹುಡುಕಿ.