ಹಳೆಯ ಆರ್ಕೇಡ್ ಆಟಗಳಿಗೆ ಮೇಮ್ ಒಳ್ಳೆಯದೋ, ಫೈನಲ್‌ಬರ್ನ್ ನಿಯೋ ಒಳ್ಳೆಯದೋ?

ಎರಡೂ ಎಮ್ಯುಲೇಟರುಗಳು, ಅಂದರೆ ಹಳೆಯ ಆಟದ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶಗಳು. ನಿಮ್ಮದು ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ 4 ಜಿಬಿ ಕಂಪ್ಯೂಟರ್ ಎಂದಿದ್ದೀರಿ. ಹಾಗಾದರೆ ಮೊದಲು ಫೈನಲ್‌ಬರ್ನ್ ನಿಯೋ ಹಾಕಿ. ಸ್ಟ್ರೀಟ್ ಫೈಟರ್ 2, ಮೆಟಲ್ ಸ್ಲಗ್‌ನಂತಹ ಆಟಗಳು ಅದರಲ್ಲಿ ಸಲೀಸಾಗಿ ಓಡುತ್ತವೆ.

1997ರಲ್ಲಿ ಬಂದ ಮೇಮ್‌ನ ಗುರಿಯೇ ಬೇರೆ: ಆಡಿಸುವುದಕ್ಕಿಂತ ಹೆಚ್ಚಾಗಿ, ಹಳೆಯ ಯಂತ್ರಗಳ ಒಳಗಿನ ಕೆಲಸವನ್ನು ಇದ್ದದ್ದು ಇದ್ದಂತೆ ದಾಖಲಿಸುವುದು. ಅದಕ್ಕೇ ಸಾವಿರಾರು ಆಟಗಳನ್ನು ನಡೆಸುತ್ತದೆ. 3ಡಿ ಆಟ ಬಂದರೆ ಪ್ರೊಸೆಸರನ್ನು ಹಿಂಡಿಬಿಡುತ್ತದೆ.

ಇವುಗಳ ಜೊತೆ ಕೇಳಿಬರುವ ರೆಟ್ರೋಆರ್ಚ್ ಎಮ್ಯುಲೇಟರೇ ಅಲ್ಲ, ಎಮ್ಯುಲೇಟರುಗಳನ್ನು ಕೂರಿಸುವ ಚೌಕಟ್ಟು. ಗುಂಡಿ ಒತ್ತಿದ ಮೇಲಿನ ವಿಳಂಬ ತಗ್ಗಿಸುವ ರನ್-ಅಹೆಡ್ ಸೌಲಭ್ಯ ಅದರಲ್ಲಿದೆ. ಮೆನು ಮಾತ್ರ ತಾಳ್ಮೆಯ ಪರೀಕ್ಷೆ!

ಯಾವುದನ್ನೇ ಆರಿಸಿ, ಆಟದ ಕಡತಗಳು ಎಮ್ಯುಲೇಟರಿನ ಆವೃತ್ತಿಗೆ ಹೊಂದಬೇಕು. ‘ಕಡತ ಸಿಗಲಿಲ್ಲ’ ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.